ನಿದ್ದೆ ಮಾತ್ರೆ ಅಲ್ಲ ಅದು

ಮನೆಯಲ್ಲಿ ಒಬ್ಬರಿಗೆ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಶುರುವಾದ ಸ್ವಲ್ಪ ದಿನಕ್ಕೇ ಅವರ ಮಾತ್ರೆಗೊಂದು ಅಡ್ಡಹೆಸರು ಬಿದ್ದಿರುತ್ತದೆ. ಬಹಳಷ್ಟು ಮನೆಗಳಲ್ಲಿ ಅದು ‘ನಿದ್ದೆ ಮಾತ್ರೆ’. ಕೆಲವೆಡೆ ‘ನರದ ಗುಳಿಗೆ’. ನೆಂಟರು ಕಂಡು ಕೇಳಿದರೆ ‘ಏನೋ ಶಕ್ತಿಗೆ ಕೊಟ್ಟಿದಾರೆ’. ಊರಿನ ಬಾಯಿಗೆ ಹೆದರಿ ಇಟ್ಟ ಹೆಸರು, ಹೋಗಲಿ ಅನ್ನಬಹುದಿತ್ತು. ಆದರೆ ಅದು ಮನೆಯವರನ್ನೇ ದಾರಿ ತಪ್ಪಿಸುತ್ತದೆ. ನಿದ್ದೆ ಮಾತ್ರೆ ಅಂದಮೇಲೆ ನಿದ್ದೆ ಬಂದರೆ ಅದರ ಕೆಲಸ ಆಯಿತು, ನಿದ್ದೆ ಸರಿಹೋದ ಮೇಲೆ ಅದು ಬೇಡ ಎಂದು ಲೆಕ್ಕ ಸಾಗುತ್ತದೆ.

ರಿಸ್ಪೆರಿಡೋನ್, ಒಲಾಂಜಪಿನ್, ಹ್ಯಾಲೊಪೆರಿಡಾಲ್, ಟ್ರೈಫ್ಲುಪೆರಜಿನ್, ಕ್ವೆಟಿಯಾಪಿನ್, ಅರಿಪಿಪ್ರಜೋಲ್, ಕ್ಲೋಜಪಿನ್. ಚೀಟಿಯಲ್ಲಿ ಇವುಗಳಲ್ಲೊಂದು ಇದ್ದರೆ ಅದು ಆ್ಯಂಟಿಸೈಕೋಟಿಕ್. ಯಾರೂ ಇಲ್ಲದಾಗ ದನಿ ಕೇಳಿಸುವುದು, ಪಕ್ಕದ ಮನೆಯವರು ಮಾಟ ಮಾಡಿಸಿದ್ದಾರೆಂಬ ಅಲುಗಾಡದ ಅನುಮಾನ, ಟಿವಿಯವರು ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆಂಬ ನಂಬಿಕೆ ಇವೆಲ್ಲ ಸ್ಕಿಜೋಫ್ರೇನಿಯಾದಲ್ಲೂ ಮನಸ್ಥಿತಿ ಅತಿಯಾಗಿ ಏರಿಳಿಯುವ ಬೈಪೋಲಾರ್ ಕಾಯಿಲೆಯ ತೀವ್ರ ಹಂತದಲ್ಲೂ ಕಾಣುತ್ತವೆ. ಈ ಔಷಧಗಳು ಕೆಲಸ ಮಾಡುವುದು ಇವುಗಳ ಮೇಲೆ, ಮುಖ್ಯವಾಗಿ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಸಂದೇಶವನ್ನು ತಗ್ಗಿಸುವ ಮೂಲಕ. ಈ ವರ್ಗದ ಮೊದಲನೆಯದಾದ ಕ್ಲೋರ್‌ಪ್ರೊಮಜಿನ್ ಪ್ಯಾರಿಸ್ಸಿನ ಆಸ್ಪತ್ರೆಯಲ್ಲಿ ಬಳಕೆಗೆ ಬಂದದ್ದು 1952ರಲ್ಲಿ. ಅದಕ್ಕೂ ಮೊದಲು, 1931ರಲ್ಲಿ, ಇಬ್ಬರು ಭಾರತೀಯ ವೈದ್ಯರು ಸರ್ಪಗಂಧಿಯ ಬೇರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಆಗಿಬರುತ್ತದೆಂದು ಬರೆದಿದ್ದರು. ‘ಇಂಗ್ಲಿಷ್ ಔಷಧ ಬೇಡ, ಬೇರು ತರಿಸೋಣ’ ಅನ್ನುವ ಹಿರಿಯರಿಗೆ ಹೇಳಬೇಕಾದದ್ದು ಇಷ್ಟೇ: ಆ ಬೇರಿನ ಸತ್ವವೂ ಡೋಪಮಿನ್ನನ್ನೇ ಬರಿದು ಮಾಡುತ್ತದೆ, ಮಂಕು ನಡುಕ ಅದರಿಂದಲೂ ಬರುತ್ತವೆ.

ಈ ಮಾತ್ರೆಯ ಕೆಲಸಕ್ಕೆ ಎರಡು ಗಡಿಯಾರಗಳಿವೆ. ನಿದ್ದೆ, ಕೂಗಾಟ, ಹರಿಹಾಯುವುದು ಎರಡು ಮೂರು ದಿನದಲ್ಲಿ ತಗ್ಗಲು ಶುರುವಾಗುತ್ತದೆ. ದನಿ, ಅನುಮಾನ ಕರಗುವುದು ವಾರಗಳ ಲೆಕ್ಕದಲ್ಲಿ. ಸರಿಯಾದ ಪ್ರಮಾಣದಲ್ಲಿ 4ರಿಂದ 6 ವಾರ ಬಿಡದೆ ತೆಗೆದುಕೊಂಡ ಮೇಲೆಯೇ ಒಂದು ಔಷಧ ಹಿಡಿಸಿತೋ ಇಲ್ಲವೋ ಹೇಳಲು ಬರುವುದು. ಎರಡು ವಾರ ಕಳೆದರೂ ಎಳ್ಳಷ್ಟೂ ವ್ಯತ್ಯಾಸ ಇಲ್ಲದಿದ್ದರೆ ಅದನ್ನು ಮನೋವೈದ್ಯರಿಗೆ ತಿಳಿಸಬೇಕು. ದನಿ ಒಮ್ಮೆಲೇ ನಿಲ್ಲುವುದೂ ಇಲ್ಲ. ಮೊದಲು ‘ಇನ್ನೂ ಕೇಳುತ್ತೆ, ಆದರೆ ಅಷ್ಟು ತಲೆ ಕೆಡಿಸಿಕೊಳ್ಳಲ್ಲ’ ಅನ್ನುತ್ತಾರೆ. ಅದು ಒಳ್ಳೆಯ ಸುದ್ದಿ. ಮನೆಯವರು ಬಹುತೇಕ ಆ ಮಾತಿನ ಮೊದಲರ್ಧ ಮಾತ್ರ ಕೇಳಿಸಿಕೊಳ್ಳುತ್ತಾರೆ.

ಬಿಟ್ಟಾಗಲೂ ಇದೇ ನಿಧಾನ, ಅಪಾಯ ಅಡಗಿರುವುದೂ ಅಲ್ಲೇ. ಇವತ್ತು ಮಾತ್ರೆ ಬಿಟ್ಟರೆ ನಾಳೆ ಬಹುಮಟ್ಟಿಗೆ ಏನೂ ಆಗುವುದಿಲ್ಲ. ಮುಂದಿನ ವಾರ ಇನ್ನೂ ಚೆನ್ನಾಗಿರುತ್ತಾರೆ: ಬೆಳಿಗ್ಗೆ ಬೇಗ ಏಳುತ್ತಾರೆ, ಕೈ ನಡುಕ ನಿಂತಿರುತ್ತದೆ, ಮುಖದಲ್ಲಿ ಕಳೆ ಬಂದಿರುತ್ತದೆ. ‘ನೋಡಿ, ಮಾತ್ರೆ ಇಲ್ದೇನೇ ಎಷ್ಟು ಲವಲವಿಕೆಯಾಗಿದ್ದಾನೆ’ ಎಂದು ಅತ್ತೆಯೋ ಚಿಕ್ಕಪ್ಪನೋ ಹೇಳುವುದು ಆಗಲೇ. ಹೋದದ್ದು ಅಡ್ಡಪರಿಣಾಮ, ಕಾಯಿಲೆಯಲ್ಲ. ಕಾಯಿಲೆ ವಾರಗಳೋ ತಿಂಗಳುಗಳೋ ಬಿಟ್ಟು ಮರಳುವ ಹೊತ್ತಿಗೆ ಮಾತ್ರೆ ನಿಲ್ಲಿಸಿದ್ದು ಯಾರ ನೆನಪಿನಲ್ಲೂ ಇರುವುದಿಲ್ಲ. ಆಗ ಕಾರಣ ಅಮಾವಾಸ್ಯೆ, ಜಮೀನಿನ ಜಗಳ, ಇಲ್ಲವೇ ಯಾವುದೋ ಮದುವೆಮನೆಯಲ್ಲಿ ತಾಗಿದ ದೃಷ್ಟಿ. 2012ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ 65 ಪ್ರಯೋಗಗಳನ್ನು ಒಟ್ಟುಹಾಕಿದ ಒಂದು ವಿಶ್ಲೇಷಣೆ ಪ್ರಕಟಿಸಿತು. ಔಷಧ ಮುಂದುವರಿಸಿದವರಲ್ಲಿ ವರ್ಷದೊಳಗೆ ಕಾಯಿಲೆ ಮರಳಿದ್ದು 100ಕ್ಕೆ 27 ಮಂದಿಗೆ, ಔಷಧದ ಬದಲು ಹುಸಿಮಾತ್ರೆ ಪಡೆದವರಲ್ಲಿ 64 ಮಂದಿಗೆ. ಈ ಅಂಕಿಯನ್ನು ಎರಡೂ ಕಡೆಯಿಂದ ಓದಬೇಕು. ಮಾತ್ರೆ ಪೂರ್ತಿ ರಕ್ಷಾಕವಚವಲ್ಲ, ಬಿಟ್ಟವರೆಲ್ಲರೂ ಬೀಳುವುದೂ ಇಲ್ಲ. ಆದರೆ ವ್ಯತ್ಯಾಸ ಸಣ್ಣದಲ್ಲ.

ಸರ್ಕಾರಿ ಆಸ್ಪತ್ರೆಯ ಓಪಿಡಿಯಲ್ಲಿ ವೈದ್ಯರಿಗೆ ಒಬ್ಬ ರೋಗಿಗೆ ಸಿಗುವುದು ಕೆಲವೇ ನಿಮಿಷ, ಅದೂ ತಿಂಗಳಿಗೊಮ್ಮೆ. ಉಳಿದ ಹೊತ್ತೆಲ್ಲ ಆ ಮನುಷ್ಯ ಮನೆಯವರ ಕಣ್ಣೆದುರಿಗಿರುತ್ತಾರೆ. ಹಾಗಾಗಿ ಮನೆಯವರ ಮುಖ್ಯ ಕೆಲಸ ಮಾತ್ರೆ ನುಂಗಿಸುವುದು ಎಂದುಕೊಂಡರೆ ಅರ್ಧ ಕೆಲಸವಷ್ಟೇ ಆಯಿತು. ಇನ್ನರ್ಧ, ಕಾಣುತ್ತಿರುವುದು ಕಾಯಿಲೆಯದೋ ಮಾತ್ರೆಯದೋ ಎಂದು ನೋಡಿ ಹೇಳುವುದು. ಇವೆರಡು ಅದಲುಬದಲಾದರೆ ಇಳಿಸಬೇಕಾದ ಪ್ರಮಾಣ ಏರುತ್ತದೆ, ಏರಿಸಬೇಕಾದದ್ದು ಇಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು ತೆಗೆದುಕೊಳ್ಳೋಣ: ‘ಇಡೀ ದಿನ ಮಲಗಿರ್ತಾನೆ, ಸೋಮಾರಿ ಆಗಿಬಿಟ್ಟಿದಾನೆ.’ ಈ ಒಂದು ವಾಕ್ಯದ ಹಿಂದೆ ಕನಿಷ್ಠ ನಾಲ್ಕು ಬೇರೆಬೇರೆ ಸಂಗತಿಗಳಿರಬಹುದು.

ಮಾತ್ರೆಯ ಮಂಪರಾದರೆ ಬೆಳಿಗ್ಗೆ ಜಾಸ್ತಿ, ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ, ಪ್ರಮಾಣ ಏರಿಸಿದ ವಾರದಲ್ಲಿ ಹೆಚ್ಚುತ್ತದೆ. ರಾತ್ರಿ ಹತ್ತೂವರೆಗೆ ಸೀರಿಯಲ್ ಮುಗಿದ ಮೇಲೆ ಕೊಡುತ್ತಿದ್ದ ಮಾತ್ರೆಯನ್ನು, ವೈದ್ಯರನ್ನು ಕೇಳಿ, ಎಂಟಕ್ಕೆ ಊಟದ ಜೊತೆ ಕೊಟ್ಟರೆ ಎಷ್ಟೋ ಸಲ ಬೆಳಗು ಬದಲಾಗುತ್ತದೆ.

ಮಾತ್ರೆಯಿಂದ ಬರುವ ಪಾರ್ಕಿನ್ಸನ್ ಥರದ ಬಿಗಿತವಾದರೆ ಆಸಾಮಿ ಎಚ್ಚರವಾಗಿಯೇ ಇರುತ್ತಾರೆ, ದೇಹ ನಿಧಾನ. ಇದನ್ನು ಹಿತ್ತಲಿನಿಂದ ಬಾಗಿಲಿನವರೆಗೆ ನಡೆಯುವಾಗ ನೋಡಿ: ತೋಳು ಬೀಸುವುದಿಲ್ಲ, ಬದಿಗೆ ಅಂಟಿಕೊಂಡಿರುತ್ತದೆ, ಪಾದ ನೆಲ ಸವರುತ್ತದೆ, ತಿರುಗುವಾಗ ಇಡೀ ಮೈ ಒಟ್ಟಿಗೆ ತಿರುಗುತ್ತದೆ. ಅಂಗಿಯ ಗುಂಡಿ ಹಾಕಲು ಹೊತ್ತು ಹಿಡಿಯುತ್ತದೆ. ರೆಪ್ಪೆ ಮಿಟುಕುವುದು ಕಡಿಮೆ, ಮುಖದಲ್ಲಿ ನಗುವೂ ಇಲ್ಲ ಸಿಟ್ಟೂ ಇಲ್ಲ. ಒಂದು ಸಾಲು ಬರೆಸಿದರೆ ಅಕ್ಷರ ಹೋಗುತ್ತಾ ಹೋಗುತ್ತಾ ಚಿಕ್ಕದಾಗುತ್ತದೆ. ಇದಕ್ಕೆ ಪ್ರಮಾಣ ಇಳಿಸುವುದು, ಔಷಧ ಬದಲಿಸುವುದು, ಇಲ್ಲವೇ ಪಸಿಟೇನ್ ಎಂದು ಎಲ್ಲರಿಗೂ ಗೊತ್ತಿರುವ ಟ್ರೈಹೆಕ್ಸಿಫೆನಿಡಿಲ್ ಸೇರಿಸುವುದು ದಾರಿ. ಕೆಲವು ರಿಸ್ಪೆರಿಡೋನ್ ಮಾತ್ರೆಗಳಲ್ಲಿ ಅದು ಜೊತೆಗೇ ಸೇರಿರುತ್ತದೆ, ಮಾತ್ರೆಯ ಪಟ್ಟಿಯ (ಸ್ಟ್ರಿಪ್) ಹಿಂಬದಿ ಓದಿ. ಸೇರಿರುವುದು ಗೊತ್ತಿಲ್ಲದೆ ಮತ್ತೊಂದು ಪಸಿಟೇನ್ ಕೊಟ್ಟರೆ ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ, ವಯಸ್ಸಾದವರಿಗೆ ಮರೆವು ಗೊಂದಲ ಬರುತ್ತದೆ.

ಮೂರನೆಯದು ಕಾಯಿಲೆಯದೇ ಭಾಗವಾದ ನಿರಾಸಕ್ತಿ. ಅದು ಮಾತ್ರೆ ಶುರುವಾಗುವ ಮೊದಲೇ ಇತ್ತು. ಕಾಲೇಜು ಬಿಟ್ಟದ್ದು, ಸ್ನೇಹಿತರ ಫೋನ್ ಎತ್ತದೇ ಇದ್ದದ್ದು, ಸ್ನಾನ ತಪ್ಪಿಸಿದ್ದು ಎಲ್ಲ ಆಗಲೇ. ಪ್ರಮಾಣ ಏರಿಸಿದರೆ ಇದು ಸಾಮಾನ್ಯವಾಗಿ ಗುಣವಾಗುವುದಿಲ್ಲ. ನಾಲ್ಕನೆಯದು ಖಿನ್ನತೆ. ‘ನನ್ನಿಂದ ಎಲ್ಲರಿಗೂ ಭಾರ’, ನಸುಕಿನಲ್ಲೇ ಎಚ್ಚರ, ತಿನ್ನಲು ಮನಸ್ಸಿಲ್ಲ. ಭ್ರಮೆಗಳು ತಿಳಿಯಾಗಿ, ತನಗೇನಾಗಿತ್ತು ಎಂದು ಅರ್ಥವಾಗುವ ತಿಂಗಳುಗಳಲ್ಲೇ ಇದು ಬರುವುದುಂಟು. ಆತ್ಮಹತ್ಯೆಯ ಯೋಚನೆ ಹೆಚ್ಚು ಕಾಡಬಹುದಾದ ಹೊತ್ತು ಅದು. ಮನೆಯವರು ‘ಈಗ ಪರವಾಗಿಲ್ಲ’ ಎಂದು ನಿಟ್ಟುಸಿರು ಬಿಡುವುದೂ ಆಗಲೇ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರ ಕೇಳಬಹುದು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮೂರು ತಿಂಗಳ ಮಾತ್ರೆಯನ್ನು ಅಡುಗೆಮನೆಯ ತೆರೆದ ಶೆಲ್ಫಿನಲ್ಲಿ ಇಡಬೇಡಿ. ವಾರದ್ದು ಹೊರಗೆ, ಉಳಿದದ್ದು ಬೀಗದಲ್ಲಿ.

ಇದಕ್ಕೆ ತದ್ವಿರುದ್ಧವಾಗಿ ಕಾಣುವ ಇನ್ನೊಂದು ತೊಂದರೆ, ಮನೆಯವರೂ ಒಮ್ಮೊಮ್ಮೆ ವೈದ್ಯರೂ ತಪ್ಪಾಗಿ ಓದುವಂಥದ್ದು: ಅಕಥೀಸಿಯಾ ಎಂಬ ಚಡಪಡಿಕೆ. ಕೂತವರು ಏಳುತ್ತಾರೆ, ಎದ್ದವರು ನಡೆಯುತ್ತಾರೆ, ನಿಂತಲ್ಲೇ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾರೆ. ಊಟದ ತಟ್ಟೆ ಮುಂದೆ ಎರಡು ನಿಮಿಷ ಕೂರಲಾರರು. ‘ಮತ್ತೆ ಜೋರಾಗಿದೆ’ ಎಂದು ಕರೆದೊಯ್ದರೆ ಪ್ರಮಾಣ ಏರುತ್ತದೆ, ಚಡಪಡಿಕೆ ಇಮ್ಮಡಿಯಾಗುತ್ತದೆ. ಗುರುತಿಸಲು ಮೂರು ಪ್ರಶ್ನೆ ಸಾಕು. ಹೊಸ ಮಾತ್ರೆ ಶುರುವಾಗಿ ಅಥವಾ ಪ್ರಮಾಣ ಏರಿ ಕೆಲವೇ ದಿನ ಆಗಿದೆಯೇ? ನಡೆದಾಡಿದರೆ ಸ್ವಲ್ಪ ಹಾಯೆನಿಸುತ್ತದೆಯೇ? ‘ಒಳಗಿಂದ ಏನೋ ಎಬ್ಬಿಸುತ್ತೆ, ಕಾಲು ಸುಮ್ಮನಿರೋಕೆ ಬಿಡಲ್ಲ’ ಎಂದು ಅವರೇ ಹೇಳುತ್ತಿದ್ದಾರೆಯೇ? ಮೂರಕ್ಕೂ ಹೌದಾದರೆ ವೈದ್ಯರಿಗೆ ‘ಜೋರಾಗಿದೆ’ ಅನ್ನಬೇಡಿ. ‘ಪ್ರಮಾಣ ಏರಿಸಿದ ನಾಲ್ಕನೇ ದಿನದಿಂದ ಕೂರಲು ಆಗುತ್ತಿಲ್ಲ’ ಅನ್ನಿ. ಈ ಎರಡು ವಾಕ್ಯಗಳಿಗೆ ಸಿಗುವ ಚೀಟಿಗಳು ಬೇರೆಬೇರೆ. ಪ್ರಮಾಣ ಇಳಿಸಿದರೆ ಅಥವಾ ಪ್ರೊಪ್ರನೊಲಾಲ್ ಸೇರಿಸಿದರೆ ಬಹಳ ಮಂದಿಗೆ ತಗ್ಗುತ್ತದೆ. ಸಹಿಸಲಾಗದ ಚಡಪಡಿಕೆಯಿಂದಲೇ ಮಾತ್ರೆ ಬಿಟ್ಟವರಿದ್ದಾರೆ, ಜೀವ ಕಳೆದುಕೊಳ್ಳಲು ಹೊರಟವರೂ ಇದ್ದಾರೆ.

ಮೊದಲ ಕೆಲವು ದಿನಗಳಲ್ಲಿ, ಅದರಲ್ಲೂ ಹರೆಯದ ಹುಡುಗರಿಗೆ, ಹ್ಯಾಲೊಪೆರಿಡಾಲ್‌ನಂಥ ಔಷಧದಿಂದ ಡಿಸ್ಟೋನಿಯಾ ಬರಬಹುದು. ಕತ್ತು ಒಂದು ಕಡೆ ತಿರುಚಿಕೊಳ್ಳುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ, ದವಡೆ ಬಿಗಿಯುತ್ತದೆ, ನಾಲಿಗೆ ಹೊರಗೆ ಬರುತ್ತದೆ. ಪೂರ್ತಿ ಎಚ್ಚರವಿದ್ದು ಭಯದಿಂದ ನೋಡುತ್ತಿರುತ್ತಾರೆ. ನೋಡಿದವರು ಮೂರ್ಛೆ ರೋಗ ಅನ್ನುತ್ತಾರೆ, ದೆವ್ವ ಮೆಟ್ಟಿದೆ ಅನ್ನುತ್ತಾರೆ. ಇದು ಮಾತ್ರೆಯದು. ಹತ್ತಿರದ ಆಸ್ಪತ್ರೆಗೆ ಮಾತ್ರೆಯ ಪಟ್ಟಿ ಸಮೇತ ಹೋಗಿ, ಮೊದಲ ವಾಕ್ಯದಲ್ಲೇ ಔಷಧದ ಹೆಸರು ಹೇಳಿ. ಪ್ರೊಮೆಥಜಿನ್‌ನಂಥ ಒಂದು ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡಿಸಿಕೊಳ್ಳುತ್ತದೆ. ಉಸಿರಾಡಲು, ನುಂಗಲು ಕಷ್ಟವಾಗುತ್ತಿದ್ದರೆ ಒಂದು ನಿಮಿಷವೂ ಕಾಯಬಾರದು.

ಅಪರೂಪವಾದರೂ ಹೆದರಲೇಬೇಕಾದದ್ದು ಇನ್ನೊಂದಿದೆ: ಜೋರು ಜ್ವರ, ಮರದ ಕೊರಡಿನಂತೆ ಬಿಗಿದ ಮೈ, ಬೆವರು, ಗೊಂದಲ, ಎಲ್ಲ ಒಟ್ಟಿಗೆ. ನ್ಯೂರೊಲೆಪ್ಟಿಕ್ ಮ್ಯಾಲಿಗ್ನಂಟ್ ಸಿಂಡ್ರೋಮ್ ಎಂದು ಅದರ ಹೆಸರು. ಮುಂದಿನ ಮಾತ್ರೆ ಕೊಡದೆ 108ಕ್ಕೆ ಕರೆ ಮಾಡಿ, ದೊಡ್ಡ ಆಸ್ಪತ್ರೆಗೇ ಹೋಗಬೇಕು. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯುವ ಜ್ವರವಲ್ಲ. ಬೇಸಿಗೆಯಲ್ಲಿ ಮತ್ತೊಂದು ತೊಡಕು. ಈ ಔಷಧಗಳು ದೇಹ ತಂಪಾಗುವ ವ್ಯವಸ್ಥೆಯನ್ನು ಕೆಡಿಸುತ್ತವೆ, ಪಸಿಟೇನ್ ಬೆವರನ್ನೇ ಕಡಿಮೆ ಮಾಡುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಹೊಲಕ್ಕೆ ಕಳಿಸುವ ಮುಂಚೆ ಇದು ನೆನಪಿರಲಿ.

ಪುಸ್ತಕಗಳು ಹೆಚ್ಚು ಹೇಳದ ಒಂದು ಸಣ್ಣ ಸಂಗತಿ. ವಾಂತಿಗೆಂದು ಊರಿನ ಕ್ಲಿನಿಕ್‌ನಲ್ಲಿ ಕೊಡುವ ಪೆರಿನಾರ್ಮ್, ಅಂದರೆ ಮೆಟೊಕ್ಲೊಪ್ರಮೈಡ್, ಡೋಪಮಿನ್ನನ್ನೇ ತಡೆಯುತ್ತದೆ. ತಲೆಸುತ್ತಿಗೆ ಕೊಡುವ ಸ್ಟೆಮೆಟಿಲ್ ಅಂತೂ ಆ್ಯಂಟಿಸೈಕೋಟಿಕ್ ಕುಟುಂಬದ್ದೇ. ಎರಡು ದಿನದ ವಾಂತಿಗೆ ಹೋಗಿ ಬಂದವರಿಗೆ ಮೂರನೇ ದಿನ ಕತ್ತು ತಿರುಚಿದರೆ ಬಯ್ಯಿಸಿಕೊಳ್ಳುವುದು ಹಳೆಯ ಮಾತ್ರೆ. ಯಾವ ವೈದ್ಯರ ಬಳಿ ಹೋದರೂ, ಹಲ್ಲು ಕೀಳಿಸಲು ಹೋದರೂ, ಮಾನಸಿಕ ಕಾಯಿಲೆಯ ಚೀಟಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಕೂರಬೇಡಿ.

ತೂಕದ ಮಾತು. ಒಲಾಂಜಪಿನ್ ಮತ್ತು ಕ್ಲೋಜಪಿನ್ ಹಸಿವನ್ನೇ ಬದಲಿಸುತ್ತವೆ. ಎರಡು ಮುದ್ದೆ ಉಂಡ ಗಂಟೆಗೆ ಬಿಸ್ಕತ್ ಡಬ್ಬಿ ಹುಡುಕುವುದು ದುರಾಸೆಯಲ್ಲ. ‘ತಿನ್ನೋದು ಬಿಟ್ರೆ ಬೇರೆ ಕೆಲಸ ಇಲ್ಲ’ ಎಂದರೆ ಮಾತ್ರೆ ಕಮೋಡಿಗೆ ಹೋಗುತ್ತದೆ, ತೂಕ ಇಳಿಯುವುದಿಲ್ಲ. ಶುರುವಿನಲ್ಲೇ ತೂಕ, ಹೊಕ್ಕುಳ ಮಟ್ಟದ ಸೊಂಟದ ಸುತ್ತಳತೆ, ಖಾಲಿಹೊಟ್ಟೆಯ ಸಕ್ಕರೆ, ಕೊಬ್ಬಿನಂಶ ಮತ್ತು ರಕ್ತದೊತ್ತಡ ಬರೆದಿಡಿ. ಮೂರು ತಿಂಗಳಿಗೆ ಮತ್ತೊಮ್ಮೆ, ಆಮೇಲೆ ಕನಿಷ್ಠ ವರ್ಷಕ್ಕೊಮ್ಮೆ. ನಮ್ಮವರಿಗೆ ಸೊಂಟ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ದಾಟಿದರೆ ಎಚ್ಚರಿಕೆ. 60 ಕಿಲೋ ಇದ್ದವರು 63, 64 ಆದಾಗಲೇ ಹೇಳಬೇಕು, 75 ಆದಮೇಲೆ ಇಳಿಸುವುದು ಬಹಳ ಕಷ್ಟ. ಔಷಧ ಬದಲಿಸಬಹುದು, ಮೆಟ್‌ಫಾರ್ಮಿನ್ ಸೇರಿಸಬಹುದು. ಮನೆಯಲ್ಲಿ ಮಾಡಬಹುದಾದದ್ದು ಬೇಕರಿ ತಿಂಡಿ ಮತ್ತು ತಂಪು ಪಾನೀಯವನ್ನು ಯಾರಿಗೂ ತರದಿರುವುದು, ಒಬ್ಬರಿಗೆ ಮಾತ್ರ ಪಥ್ಯ ಹೇರದಿರುವುದು.

ಹೆಂಗಸರ ವಿಷಯದಲ್ಲಿ ಯಾರೂ ಕೇಳದ ಪ್ರಶ್ನೆ ಮುಟ್ಟಿನದು. ರಿಸ್ಪೆರಿಡೋನ್, ಅಮಿಸಲ್‌ಪ್ರೈಡ್ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಏರಿಸುತ್ತವೆ. ಮುಟ್ಟು ನಿಲ್ಲಬಹುದು, ಹೆರದವರಲ್ಲೂ ಎದೆಯಲ್ಲಿ ಹಾಲಿನಂಥ ಸ್ರಾವ ಕಾಣಬಹುದು. ಮುಟ್ಟಿಲ್ಲ ಎಂದಮಾತ್ರಕ್ಕೆ ಗರ್ಭ ನಿಲ್ಲುವುದಿಲ್ಲ ಎಂದೇನಿಲ್ಲ. ಗಂಡಸರಲ್ಲಿ ಲೈಂಗಿಕ ತೊಂದರೆ ಬರುತ್ತದೆ, ಅದನ್ನು ಅಮ್ಮನ ಮುಂದೆ ಯಾವ ಮಗನೂ ಹೇಳುವುದಿಲ್ಲ. ಓಪಿಡಿಯಲ್ಲಿ ಅವರು ಒಬ್ಬರೇ ವೈದ್ಯರೊಂದಿಗೆ ಮಾತಾಡಲು ಎರಡು ನಿಮಿಷ ಹೊರಗೆ ಬನ್ನಿ.

ಇನ್ನು ಕದ್ದು ಬೆರೆಸುವ ಮಾತು. ಸಾರಿನಲ್ಲಿ, ಚಹಾದಲ್ಲಿ ಗೊತ್ತಾಗದಂತೆ ಔಷಧ ಬೆರೆಸಿ ಕೊಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಹಾಗೆ ಮಾಡುವವರು ಕೆಟ್ಟವರಲ್ಲ, ದಾರಿ ಕಾಣದೆ ಹೋದವರು. ಆದರೂ ಇದು ಬೇಡ. ‘ಅನ್ನದಲ್ಲಿ ಏನೋ ಹಾಕಿದಾರೆ’ ಎಂಬ ಅನುಮಾನವೇ ಕಾಯಿಲೆಯ ಲಕ್ಷಣವಾಗಿರುವವರ ಅನ್ನದಲ್ಲಿ ನಿಜಕ್ಕೂ ಏನೋ ಹಾಕಿದಂತಾಯಿತು. ಸಿಕ್ಕಿಬಿದ್ದ ದಿನದಿಂದ ಊಟವೂ ಇಲ್ಲ, ಮಾತ್ರೆಯೂ ಇಲ್ಲ. ಅರ್ಧ ಸಾರು ಉಳಿಸಿದರೆ ಎಷ್ಟು ಔಷಧ ಹೊಟ್ಟೆಗೆ ಹೋಯಿತೆಂದು ತಿಳಿಯುವುದಿಲ್ಲ. ಕೈ ನಡುಗಿದರೆ ಯಾಕೆಂದು ಹೇಳಲೂ ಬಾರದು. ರಿಸ್ಪೆರಿಡೋನ್ ದ್ರಾವಣದ ವಿಷಯದಲ್ಲಿ ಇನ್ನೊಂದು ಎಡವಟ್ಟಿದೆ: ಅದನ್ನು ನೀರು, ಕಾಫಿ, ಕಿತ್ತಳೆ ರಸದಲ್ಲಿ ಬೆರೆಸಬಹುದು, ಚಹಾದಲ್ಲಿ ಮತ್ತು ಕೋಲಾದಲ್ಲಿ ಬೆರೆಸಬಾರದೆಂದು ತಯಾರಕರೇ ಹೇಳುತ್ತಾರೆ. ನಮ್ಮವರು ಬೆರೆಸುವುದು ಚಹಾದಲ್ಲೇ.

ಬದಲಿ ದಾರಿಗಳಿವೆ. ಮೊದಲನೆಯದು, ಕಾಯಿಲೆ ಇದೆಯೆಂದು ಒಪ್ಪಿಸುವ ವಾದವನ್ನೇ ಕೈಬಿಡುವುದು. ‘ನಿನಗೆ ಕೇಳೋದೆಲ್ಲ ಸುಳ್ಳು’ ಎಂದರೆ ಮಾತು ಅಲ್ಲಿಗೇ ಮುಗಿಯಿತು. ‘ಹೌದು, ಅವರು ಮಾಟ ಮಾಡಿಸಿದಾರೆ’ ಎನ್ನುವುದೂ ತಪ್ಪು. ‘ನನಗೆ ಕೇಳಿಸ್ತಿಲ್ಲ ಕಣಪ್ಪ, ಆದರೆ ನಿನಗೆ ಅದರಿಂದ ನಿದ್ದೆ ಇಲ್ಲ, ಅದು ಕಾಣ್ತಿದೆ’ ಎನ್ನಬಹುದು. ಮನೆಯವರ ಲೆಕ್ಕಕ್ಕೆ ಅದು ನಿದ್ದೆ ಮಾತ್ರೆ ಆಗಬಾರದು ಎಂದದ್ದು ಸರಿ, ಆದರೆ ತೆಗೆದುಕೊಳ್ಳುವವರೇ ‘ನಿದ್ದೆಗೆ ತಗೋತೀನಿ’ ಎಂದರೆ ಜಗಳ ಬೇಡ. ಕೆನ್ನೆಯ ಸಂದಿಯಲ್ಲಿ ಮಾತ್ರೆ ಅಡಗಿಸಿ ಆಮೇಲೆ ಉಗಿಯುವವರ ಬಾಯಿ ತೆರೆಸಿ ಟಾರ್ಚ್ ಬಿಡುವುದಕ್ಕಿಂತ, ನಾಲಿಗೆಯ ಮೇಲೆ ಕರಗುವ ಒಲಾಂಜಪಿನ್ ಕೇಳಿ. ದಿನವೂ ಮಾತ್ರೆ ಎಂದರೆ ಬೇಸರವಾದವರಿಗೆ ದೀರ್ಘಕಾಲದ ಇಂಜೆಕ್ಷನ್ ಇದೆ: ಫ್ಲುಫೆನಜಿನ್ ಡೆಕನೊಯೇಟ್ 2ರಿಂದ 4 ವಾರಕ್ಕೊಮ್ಮೆ, ಹ್ಯಾಲೊಪೆರಿಡಾಲ್ ಡೆಕನೊಯೇಟ್ ಅಥವಾ ಪ್ಯಾಲಿಪೆರಿಡೋನ್ ತಿಂಗಳಿಗೊಮ್ಮೆ. ‘ಮಾತ್ರೆ ತಗೊಳ್ದಿದ್ರೆ ಸೂಜಿ ಹಾಕಿಸ್ತೀನಿ’ ಎಂದು ಅದನ್ನು ಬೆದರಿಕೆ ಮಾಡಿದರೆ ಒಂದು ಒಳ್ಳೆಯ ಸಾಧನ ಕೈತಪ್ಪಿತು. ಒಂದು ಮಿತಿ ಗೊತ್ತಿರಲಿ: ಒಮ್ಮೆ ಒಳಗೆ ಹೋದದ್ದನ್ನು ವಾಪಸ್ ತೆಗೆಯಲು ಬರುವುದಿಲ್ಲ. ಅದಕ್ಕೇ ಸಾಮಾನ್ಯವಾಗಿ ಅದೇ ಔಷಧವನ್ನು ಮೊದಲು ಮಾತ್ರೆಯಾಗಿ ಕೊಟ್ಟು ನೋಡುತ್ತಾರೆ.

ಲಂಡನ್ನಿನ ಸಂಶೋಧಕ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ದಶಕಗಳ ಹಿಂದೆಯೇ ಗಮನಿಸಿದ್ದೊಂದಿದೆ. ಸದಾ ಟೀಕೆ, ಹಗೆ ಅಥವಾ ಅತಿಯಾದ ಕಾಳಜಿ ತುಂಬಿದ ಮನೆಗೆ ಮರಳಿದವರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು. ಆಮೇಲೆ ಚಂಡೀಗಢದಲ್ಲಿ ನೋಡಿದಾಗ ಅಂಥ ಮನೆಗಳ ಪ್ರಮಾಣ ಲಂಡನ್ನಿಗಿಂತ ಕಡಿಮೆ ಕಂಡಿತು. ಹೆಮ್ಮೆಪಟ್ಟು ಸುಮ್ಮನಾಗುವ ಮುಂಚೆ ನಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ‘ಮಾತ್ರೆ ನುಂಗಿದ್ಯಾ?’ ಎಂದು ಕೇಳುತ್ತೇವೆ, ಯಾವ ದನಿಯಲ್ಲಿ ಎಂದು ಎಣಿಸಬಹುದು. ಒಂದೇ ಸಲ, ಒಂದೇ ಹೊತ್ತಿಗೆ, ಒಬ್ಬರೇ ಕೇಳಿದರೆ ಸಾಕು. ಜೋರಾಗಿ ನಕ್ಕರೂ, ಸಿಟ್ಟು ಮಾಡಿದರೂ ‘ಮಾತ್ರೆ ಬಿಟ್ಟಿದೀಯಾ’ ಎನ್ನುವುದು ಅವಮಾನ.

ಮಾತ್ರೆ ಇಡುವ ಕ್ರಮ ಸರಳ. ವಾರದ ಏಳು ಮನೆಗಳಿರುವ ಡಬ್ಬಿಯನ್ನು ಭಾನುವಾರ ಸಂಜೆ, ತೆಗೆದುಕೊಳ್ಳುವವರ ಕೈಯಿಂದಲೇ ತುಂಬಿಸಿ. ಮೆಡಿಕಲ್ ಶಾಪಿನಲ್ಲಿ ಬೇರೆ ಕಂಪನಿಯದು ಕೊಟ್ಟರೆ ಬಣ್ಣ ಆಕಾರ ಬದಲಾಗುತ್ತದೆ, ಅನುಮಾನ ಇರುವವರಿಗೆ ಅಷ್ಟೇ ಸಾಕು. ಪಟ್ಟಿಯ ಹಿಂದಿನ ಔಷಧದ ಹೆಸರು, ಮಿ.ಗ್ರಾಂ. ಎರಡನ್ನೂ ಹಳೆಯ ಪಟ್ಟಿಯ ಪಕ್ಕ ಇಟ್ಟು ತೋರಿಸಿ. ರಾತ್ರಿಯ ಒಂದು ಮಾತ್ರೆ ಮರೆತರೆ ಮರುದಿನ ಎರಡು ಕೊಡಬೇಡಿ, ಮುಂದಿನ ಹೊತ್ತಿನದು ಎಂದಿನಂತೆ. ಉಪವಾಸ, ಮಾಲೆ, ರಂಜಾನ್ ಬಂದಾಗ ಹೊತ್ತು ಹೊಂದಿಸಿಕೊಳ್ಳಲು ಮೊದಲೇ ಕೇಳಿ. ದೇವಸ್ಥಾನ, ದರ್ಗಾಕ್ಕೆ ಹೋಗಲಿ, ಡಬ್ಬಿ ಜೊತೆಗಿರಲಿ.

ಕ್ಲೋಜಪಿನ್‌ನ ಕಾನೂನೇ ಬೇರೆ. ಎರಡು ಔಷಧ ಸರಿಯಾಗಿ ಪ್ರಯತ್ನಿಸಿ ಸೋತಮೇಲೆ ಕೊಡುವ, ಹಾಗೆ ಸೋತವರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಔಷಧ ಇದು. ಶುರು 12.5 ಮಿ.ಗ್ರಾಂ. ಬಿಳಿ ರಕ್ತಕಣ ಅಪಾಯಕಾರಿಯಾಗಿ ಇಳಿಯಬಹುದಾದ್ದರಿಂದ ಸಾಮಾನ್ಯವಾಗಿ ಮೊದಲ 18 ವಾರ ಪ್ರತಿ ವಾರ ರಕ್ತಪರೀಕ್ಷೆ, ಆಮೇಲೆ ಅಂತರ ಹೆಚ್ಚುತ್ತದೆ. ನಿಮ್ಮ ವೈದ್ಯರು ಬರೆದ ವೇಳಾಪಟ್ಟಿಯೇ ಅಂತಿಮ. ಗಂಟಲುನೋವು, ಜ್ವರ ಬಂದರೆ ಅವತ್ತೇ ರಕ್ತ ಕೊಡಬೇಕು. ಮೊದಲ ಎರಡು ತಿಂಗಳಲ್ಲಿ ಎದೆನೋವು, ಎದೆಬಡಿತ, ಏದುಸಿರು ಬಂದರೆ ತಡಮಾಡಬೇಡಿ. 48 ಗಂಟೆಗಿಂತ ಹೆಚ್ಚು ತಪ್ಪಿಹೋದರೆ ಹಳೆಯ ಪ್ರಮಾಣಕ್ಕೆ ನೇರ ಹಿಂದಿರುಗುವಂತಿಲ್ಲ, ಮತ್ತೆ 12.5ರಿಂದ ಮೇಲೇರಬೇಕು. ರಾತ್ರಿ ಜೊಲ್ಲು ಸುರಿಯುತ್ತದೆ, ದಿಂಬಿಗೆ ಟವೆಲ್ ಹಾಸಿದರಾಯಿತು. ಮಲಬದ್ಧತೆಯನ್ನು ಮಾತ್ರ ಹಾಗೆ ಬಿಡಲಾಗದು. ಕರುಳಿನ ಚಲನೆಯೇ ನಿಂತು ಸಾವು ಸಂಭವಿಸಿದ್ದಿದೆ. ಎರಡು ಮೂರು ದಿನ ಕಕ್ಕಸಿಗೆ ಹೋಗಿಲ್ಲ, ಹೊಟ್ಟೆ ಉಬ್ಬಿ ನೋಯುತ್ತಿದೆ, ವಾಂತಿ ಎಂದರೆ ಅದು ತುರ್ತು. ಇನ್ನು ಬೀಡಿ. ತಂಬಾಕಿನ ಹೊಗೆ ಯಕೃತ್ತಿನಲ್ಲಿ ಕ್ಲೋಜಪಿನ್ನನ್ನೂ ಒಲಾಂಜಪಿನ್ನನ್ನೂ ಬೇಗ ಖರ್ಚು ಮಾಡಿಸುತ್ತದೆ. ದಿನಕ್ಕೊಂದು ಕಟ್ಟು ಸೇದುತ್ತಿದ್ದವರು ಒಮ್ಮೆಲೇ ಬಿಟ್ಟರೆ ಅದೇ ಮಾತ್ರೆಯ ಅಂಶ ರಕ್ತದಲ್ಲಿ ವಾರದೊಳಗೆ ಏರಿ ತೂಕಡಿಕೆ, ಕ್ಲೋಜಪಿನ್‌ನಲ್ಲಿ ಫಿಟ್ಸ್ ಕೂಡ ಬರಬಹುದು. ಬಿಡುವುದು ಒಳ್ಳೆಯದೇ, ಹೇಳಿ ಬಿಡಲಿ. ಇದು ಹೊಗೆಯ ಲೆಕ್ಕ. ಗುಟ್ಕಾ, ಜರ್ದಾಕ್ಕೆ ಅನ್ವಯಿಸುವುದಿಲ್ಲ.

ಮದುವೆಯ ಬಗ್ಗೆ ಒಂದೇ ಮಾತು. ‘ಮದುವೆ ಆದ್ರೆ ಸರಿಹೋಗುತ್ತೆ’ ಎಂದುಕೊಂಡು, ಕಾಯಿಲೆಯ ವಿಷಯ ಹೇಳದೆ ಮದುವೆ ಮಾಡಿ, ಗಂಡನ ಮನೆಯಲ್ಲಿ ಯಾರಾದರೂ ಕಂಡಾರೆಂದು ಮಾತ್ರೆ ನಿಲ್ಲಿಸಿದ ಹುಡುಗಿ ಕೆಲವು ತಿಂಗಳಲ್ಲೋ ಬಾಣಂತನದಲ್ಲೋ ಮತ್ತೆ ಆಸ್ಪತ್ರೆ ಸೇರುವುದು ಮನೋವೈದ್ಯರಿಗೆಲ್ಲ ಗೊತ್ತಿರುವ ಕಥೆ. ಗರ್ಭ ನಿಂತ ಸುದ್ದಿ ಬಂದ ಕೂಡಲೇ ಮಾತ್ರೆ ಎಸೆಯುವುದೂ ಅಷ್ಟೇ ಅಪಾಯ. ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಬದಲಿಸಬೇಕು ಎಂಬುದು ಗರ್ಭಕ್ಕೆ ಮೊದಲೇ ಆಗಬೇಕಾದ ಮಾತುಕತೆ.

ಮಾತ್ರೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಪ್ರತಿ ಸಲ ಬಸ್ ಹತ್ತಬೇಕಿಲ್ಲ. ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ವಿಚಾರಿಸಿಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲೂ ಕನ್ನಡದಲ್ಲಿ ಮಾತಾಡಬಹುದು, ಮನೆಯವರೂ ಕರೆ ಮಾಡಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ತನ್ನ ಪರವಾಗಿ ಮಾತಾಡುವವರನ್ನು ಮೊದಲೇ ನೇಮಿಸಿಡುವ, ಮುಂದೆ ಹುಷಾರು ತಪ್ಪಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಬರೆದಿಡುವ ಹಕ್ಕು ರೋಗಿಗಿದೆ. ಚೆನ್ನಾಗಿರುವಾಗ ಮಾಡಿಟ್ಟರೆ ಕೆಟ್ಟ ರಾತ್ರಿಯಲ್ಲಿ ಜಗಳ ಕಡಿಮೆ.

ಎಲ್ಲದಕ್ಕೂ ಬುಡದಲ್ಲಿರುವುದು ಹತ್ತು ರೂಪಾಯಿಯ ಒಂದು ನೋಟ್‌ಬುಕ್. ದಿನಕ್ಕೆ ಒಂದೇ ಸಾಲು, ವಿಶೇಷಣ ಬೇಡ. ಹೀಗೆ:

‘ಸೋಮ. ನಿದ್ದೆ 7 ತಾಸು. ಮಾತ್ರೆ ಆಯ್ತು. ಅಂಗಡಿಗೆ ಹೋಗಿ ಬಂದ.
ಮಂಗಳ. ನಿದ್ದೆ 4. ಮಾತ್ರೆ ಆಯ್ತು. ಕಿಟಕಿ ಎಲ್ಲ ಹಾಕಿಸಿದ.
ಬುಧ. ನಿದ್ದೆ 3. ಮಾತ್ರೆ ಉಗಿದ ಅನಿಸುತ್ತೆ. ಮೊಬೈಲ್ ಕ್ಯಾಮೆರಾಕ್ಕೆ ಪ್ಲಾಸ್ಟರ್ ಅಂಟಿಸಿದ.’

‘ಜೋರಾಗಿದೆ’ ಎಂಬ ಪದ ಇಲ್ಲೆಲ್ಲೂ ಇಲ್ಲ, ಆದರೂ ಮೂರು ಸಾಲಿನಲ್ಲಿ ಎಲ್ಲ ಇದೆ. ಕಾಯಿಲೆ ಮರಳುವ ಮುನ್ಸೂಚನೆ ಒಬ್ಬೊಬ್ಬರದು ಒಂದೊಂದು, ಆದರೆ ಒಬ್ಬರಲ್ಲಿ ಅದು ಬಹುಮಟ್ಟಿಗೆ ಅದೇ ಕ್ರಮದಲ್ಲಿ ಬರುತ್ತದೆ. ಹೋದ ಸಲ ಕಿಟಕಿಯಿಂದ ಶುರುವಾಗಿದ್ದರೆ ಈ ಸಲವೂ ಕಿಟಕಿಯೇ. ಪುಸ್ತಕ ಗುಟ್ಟಾಗಿರಬಾರದು, ಅವರಿಗೂ ತೋರಿಸಿ, ಅವರಿಗೆ ಬರೆಯಬೇಕೆನಿಸಿದರೆ ಅವರದ್ದೂ ಒಂದು ಸಾಲು. ಕೈ ಬಾಯಿಯ ವಿಚಿತ್ರ ಚಲನೆ ಕಂಡರೆ ಅವರನ್ನು ಕೇಳಿ ಅರ್ಧ ನಿಮಿಷದ ವಿಡಿಯೊ ಮಾಡಿಕೊಳ್ಳಿ. ವರ್ಷಗಟ್ಟಲೆ ಔಷಧ ತೆಗೆದುಕೊಂಡವರಲ್ಲಿ ತುಟಿ ಚಪ್ಪರಿಸುವುದು, ನಾಲಿಗೆ ಹೊರಳಿಸುವುದು ಟಾರ್ಡಿವ್ ಡಿಸ್ಕಿನೀಸಿಯಾ ಇರಬಹುದು, ಓಪಿಡಿಯ ಕೆಲವು ನಿಮಿಷದಲ್ಲಿ ಅದು ಕಾಣಿಸಿಕೊಳ್ಳದೆಯೂ ಹೋಗಬಹುದು.

ಕೊನೆಗೆ ಎಲ್ಲರೂ ಕೇಳುವುದು, ಎಷ್ಟು ದಿನ? ಮೊದಲ ಸಲದ ಕಾಯಿಲೆಗೆ ಪೂರ್ತಿ ಚೇತರಿಸಿಕೊಂಡ ಮೇಲೂ ಒಂದೆರಡು ವರ್ಷ. ಎರಡು ಮೂರು ಸಲ ಮರುಕಳಿಸಿದ್ದರೆ ಐದು ವರ್ಷ ಅಥವಾ ಇನ್ನೂ ಮುಂದೆ. ಕಡಿಮೆ ಮಾಡಬೇಕೆಂಬ ಆಸೆ ತಪ್ಪಲ್ಲ, ಅದನ್ನು ವೈದ್ಯರ ಮುಂದೆ ಬಾಯಿಬಿಟ್ಟು ಹೇಳದಿರುವುದು ತಪ್ಪು. ಹೇಳಿ ಇಳಿಸುವುದಾದರೆ ಸಣ್ಣ ಸಣ್ಣ ಹೆಜ್ಜೆಯಲ್ಲಿ, ತಿಂಗಳುಗಳ ಅಂತರದಲ್ಲಿ ಇಳಿಸುತ್ತಾರೆ. ಪರೀಕ್ಷೆ, ಮದುವೆ, ಸಾವು, ಮನೆ ಬದಲಾವಣೆ ಇರುವ ವರ್ಷ ಅದಕ್ಕೆ ಆಗಿಬರದು. ಇಳಿಸಿದ ದಿನವನ್ನು ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆಯಿರಿ, ಅಲ್ಲಿಂದ ಮುಂದಿನ ಆರು ತಿಂಗಳು ನಿದ್ದೆಯ ತಾಸನ್ನು ಒಂದು ದಿನವೂ ಬಿಡದೆ.